ಲಾಸ್ಯಳ ಬಲಗಣ್ಣು

ಒಂದು ವರ್ಷದ ಮಗುವಿನ ಕಣ್ಣಿನಲ್ಲಿ ಕಾಣಿಸಿಕೊಂಡ ರೋಗವನ್ನು ನಾನು ಅಳಿಸಿ ಹಾಕಿದೆ. ವಾಸಿ ಮಾಡಲಿಲ್ಲ — ಅಳಿಸಿದೆ. ಕಂಪ್ಯೂಟರಿನ ಮುಂದೆ ಕೂತು, ಹದಿನಾಲ್ಕು ಫೋಟೋಗಳಲ್ಲಿ, ಒಂದಾದ ಮೇಲೊಂದರಂತೆ, ನಡುವೆ ಟೀ ಕುಡಿಯುತ್ತ. ಆಮೇಲೆ ಆ ಮಗುವಿನ ತಾಯಿ ನನ್ನ ಮುಖ ನೋಡಿ ಕೇಳಿದಾಗ, ಏನೂ ಕಾಣಲಿಲ್ಲ ಎಂದು ಹೇಳಿದೆ. ಏಳು ವರ್ಷ ಆ ಮಾತಿನ ಹಿಂದೆ ಅಡಗಿಕೊಂಡಿದ್ದೆ.

ನನ್ನ ಹೆಸರು ನಂಜುಂಡ. ಬನಶಂಕರಿ ಮೂರನೇ ಹಂತದಲ್ಲಿ, ಒಂದು ನೋಟ್‌ಬುಕ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದೆ. ಮದುವೆ, ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜ್ ಫೋಟೋ — ಇದೇ ಬದುಕು. ಹನ್ನೊಂದು ವರ್ಷ ಒಂದೇ ಕ್ಯಾಮೆರಾದಲ್ಲಿ ಕೆಲಸ ಮಾಡಿದ್ದೆ. ಒಳಗೆ ಕನ್ನಡಿಯಿದ್ದು ಪ್ರತಿ ಸಲ ಟಪ್ ಎಂದು ಬಡಿದುಕೊಳ್ಳುವ ಹಳೆಯ ಕಾಲದ್ದು. ಹಿಡಿಯುವ ಕಡೆಯ ರಬ್ಬರ್ ಎದ್ದು ಬಂದಿತ್ತು. ಅದನ್ನು ಪಂಕ್ಚರ್ ಅಂಗಡಿಯ ಅಂಟಿನಿಂದ ಅಂಟಿಸಿಕೊಂಡಿದ್ದೆ. ಫೋಟೋ ಚೆನ್ನಾಗಿಯೇ ಬರುತ್ತಿತ್ತು. ಆದರೆ ಜನ ಫೋಟೋ ನೋಡುವುದಕ್ಕೆ ಮೊದಲು ಕ್ಯಾಮೆರಾ ನೋಡತೊಡಗಿದ್ದರು. ಜಯನಗರದ ಒಂದು ಛತ್ರದಲ್ಲಿ ಮದುವೆ ಗಂಡಿನ ಗೆಳೆಯ ನನ್ನ ಕೈಯಲ್ಲಿದ್ದುದನ್ನು ನೋಡಿ, "ಅಣ್ಣ, ಇನ್ನೂ ಇದೇ ಇಟ್ಕೊಂಡಿದ್ದೀರಾ? ಎಲ್ಲಾ ಮಿರರ್‌ಲೆಸ್‌ಗೆ ಹೋದ್ರಲ್ಲ," ಎಂದ. ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಆದರೂ ನನಗೆ ಊಟ ಸೇರಲಿಲ್ಲ.

ಮುಂದಿನ ತಿಂಗಳೇ ಹಳೆಯದನ್ನು, ಅದರ ಲೆನ್ಸುಗಳನ್ನೂ ಸೇರಿಸಿ, ಅಂಗಡಿಗೆ ಕೊಟ್ಟು ಮಿರರ್‌ಲೆಸ್ ಕ್ಯಾಮೆರಾ ತಂದೆ. ಅಂಗೈಯಗಲದ ವಸ್ತು. ಒಳಗೆ ಕನ್ನಡಿಯಿಲ್ಲ, ಸದ್ದಿಲ್ಲ. ಕಣ್ಣಿಟ್ಟು ನೋಡಿದರೆ, ತೆಗೆಯುವ ಮೊದಲೇ ಫೋಟೋ ಹೇಗೆ ಬರುತ್ತದೆಂದು ಒಳಗೆ ಕಾಣುತ್ತಿತ್ತು. ಎಲ್ಲಕ್ಕಿಂತ ನನ್ನನ್ನು ಮರುಳು ಮಾಡಿದ್ದು ಇನ್ನೊಂದು — ಅದು ತಾನಾಗಿಯೇ ಮನುಷ್ಯರ ಕಣ್ಣನ್ನು ಹುಡುಕುತ್ತಿತ್ತು. ಎದುರಿಗಿದ್ದವರು ತಿರುಗಲಿ, ಓಡಲಿ, ಒಂದು ಪುಟ್ಟ ಹಸಿರು ಚೌಕ ಅವರ ಕಣ್ಣಿನ ಮೇಲೆ ಹೋಗಿ ಕೂರುತ್ತಿತ್ತು. ಹೆಂಡತಿಯ ಕಣ್ಣು, ಹೂವಿನವಳ ಕಣ್ಣು, ಎದುರು ಮನೆಯ ನಾಯಿಯ ಕಣ್ಣು — ಎರಡು ದಿನ ಇದೇ ಆಟವಾಡಿದೆ. ನಲವತ್ತನಾಲ್ಕು ವಯಸ್ಸಿನ ಗಂಡಸು.

ಹೊಸ ಕ್ಯಾಮೆರಾದಲ್ಲಿ ಮಾಡಿದ ಮೂರನೆಯ ಕೆಲಸ ಲಾಸ್ಯಳ ಮೊದಲ ವರ್ಷದ ಹುಟ್ಟುಹಬ್ಬ.

ವಸಂತಪುರದಲ್ಲಿ ಅವರ ಮನೆ. ತಂದೆ ಶಿವಪ್ರಕಾಶ್ ಕನಕಪುರ ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದರು. ತಾಯಿ ಸವಿತಾ ನರ್ಸರಿ ಶಾಲೆಯ ಟೀಚರ್. ಜೊತೆಗೆ ಶಿವಪ್ರಕಾಶರ ತಾಯಿ ಪಾರ್ವತಮ್ಮ. ಆಗಲೇ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಗೋಡೆ ಹಿಡಿದು ನಡೆಯುತ್ತಿದ್ದರು. ಸವಿತಾ ಅವರ ಮದುವೆಯ ಫೋಟೋಗಳನ್ನೂ ನಾನೇ ತೆಗೆದಿದ್ದೆ. ಆ ಮನೆಯಲ್ಲಿ ನಾನು ಹೊರಗಿನವನಾಗಿರಲಿಲ್ಲ. ಹೋದರೆ ಮೊದಲು ಮಜ್ಜಿಗೆ ಕೊಡುತ್ತಿದ್ದರು.

ತಾರಸಿಯ ಮೇಲೆ ಶಾಮಿಯಾನ ಹಾಕದೆ, ಬರೀ ಬಣ್ಣದ ದೀಪಗಳ ಸರ ಕಟ್ಟಿದ್ದರು. ಕೇಕ್ ಕತ್ತರಿಸುವ ಹೊತ್ತಿಗೆ ಮುಸ್ಸಂಜೆ. ಮೇಲೆ ಛಾವಣಿಯಿಲ್ಲದ್ದರಿಂದ ಫ್ಲ್ಯಾಷ್ ಬೆಳಕನ್ನು ಮೇಲಕ್ಕೆ ಹೊಡೆದು ಇಳಿಸುವಂತಿರಲಿಲ್ಲ. ನೇರವಾಗಿ ಮುಖಕ್ಕೇ ಹೊಡೆದೆ. ಲಾಸ್ಯ ಹಳದಿ ಲಂಗ ಹಾಕಿಕೊಂಡು, ಯಾರ ತೋಳಿನಲ್ಲೂ ನಿಲ್ಲದೆ ಬಳುಕುತ್ತಿದ್ದಳು. "ಇವಳು ಒಂದು ಕಡೆ ಇರಲ್ಲ ಅಣ್ಣ, ಫೋಟೋ ಎಲ್ಲಾ ಶೇಕ್ ಆಗತ್ತೆ," ಎಂದರು ಸವಿತಾ.

"ಬಿಡಿ ಮೇಡಂ, ಎಲ್ಲಿಗೆ ಓಡಿದ್ರೂ ಕಣ್ಣು ಬಿಡಲ್ಲ ಇದು," ಎಂದೆ ನಾನು. ಸುತ್ತಲಿದ್ದವರಿಗೆಲ್ಲ ಆ ಹಸಿರು ಚೌಕವನ್ನು ತೋರಿಸಿದೆ. ಶಿವಪ್ರಕಾಶ್ ತಾವೇ ಒಮ್ಮೆ ಕಣ್ಣಿಟ್ಟು ನೋಡಿ, "ಸಖತ್ತಾಗಿದೆ ಗುರು," ಎಂದರು.

ಮರುದಿನ ಮಧ್ಯಾಹ್ನ ಸ್ಟುಡಿಯೋದಲ್ಲಿ ಫೋಟೋಗಳನ್ನು ತೆರೆದೆ. ಹದಿನಾಲ್ಕರಲ್ಲಿ ಮಗುವಿನ ಬಲಗಣ್ಣಿನ ಪಾಪೆ ಬೆಳ್ಳಗಿತ್ತು. ಫ್ಲ್ಯಾಷಿಗೆ ಕಣ್ಣು ಕೆಂಪಾಗುವುದು ನಮಗೆ ದಿನನಿತ್ಯದ ಮಾತು. ಒಂದು ಗುಂಡಿ ಒತ್ತಿದರೆ ಹೋಗುತ್ತದೆ. ಇದು ಕೆಂಪಲ್ಲ. ಹಾಲಿನ ಬಿಳಿಯೂ ಅಲ್ಲ. ಒಳಗಡೆ ಯಾರೋ ಒಂದು ಸಣ್ಣ ಬಲ್ಬು ಹೊತ್ತಿಸಿಟ್ಟ ಹಾಗೆ. ನನಗೆ ಎದೆ ಧಸಕ್ ಎಂದಿತು — ಮಗುವಿಗಾಗಿ ಅಲ್ಲ. ಕ್ಯಾಮೆರಾಕ್ಕಾಗಿ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೂ ಬರೆಯಬೇಕು. ನನಗೆ ಮೊದಲು ಹೊಳೆದದ್ದು, ಹೊಸ ಕ್ಯಾಮೆರಾ ಕೆಟ್ಟಿದೆ, ಹಳೆಯದನ್ನು ಕೊಟ್ಟುಬಿಟ್ಟೆನಲ್ಲ ಎಂಬುದು.

ಕೊಂಡ ಅಂಗಡಿಗೆ ಫೋನ್ ಮಾಡಿ, ಕಣ್ಣಲ್ಲಿ ಬಿಳಿ ಬರುತ್ತಿದೆ ಎಂದೆ. "ಫ್ಲ್ಯಾಷ್ ರಿಫ್ಲೆಕ್ಷನ್ ಇರತ್ತೆ ಸಾರ್, ಎಡಿಟಲ್ಲಿ ತೆಗೆದುಬಿಡಿ," ಎಂದರು ಅಲ್ಲಿದ್ದವರು. ಆ ಉತ್ತರವನ್ನು ನಾನು ಎರಡೂ ಕೈಯಿಂದ ತೆಗೆದುಕೊಂಡೆ. ಅವರಿಗೆ ನಾನು ಪೂರ್ತಿ ಹೇಳಿರಲಿಲ್ಲ. ಅದೇ ಫ್ಲ್ಯಾಷು, ಅದೇ ತಾರಸಿ, ಅದೇ ಹೊತ್ತು — ಪಕ್ಕದಲ್ಲಿದ್ದ ಬೇರೆ ಮಕ್ಕಳ ಕಣ್ಣುಗಳೆಲ್ಲ ಸರಿಯಾಗಿದ್ದವು. ಲಾಸ್ಯಳ ಎಡಗಣ್ಣೂ ಸರಿಯಾಗಿತ್ತು. ಒಂದೇ ಮಗು, ಒಂದೇ ಕಣ್ಣು. ಅದನ್ನು ನಾನು ನೋಡಿದ್ದೆ. ನೋಡಿ, ಮೌಸನ್ನು ಮುಂದಕ್ಕೆ ಸರಿಸಿದ್ದೆ.

ಎಡಗಣ್ಣಿನ ಪಾಪೆಯನ್ನು ಕತ್ತರಿಸಿ, ಎಡಬಲ ತಿರುಗಿಸಿ, ಬಲಗಣ್ಣಿನ ಮೇಲೆ ಕೂರಿಸಿದೆ. ಅಂಚನ್ನು ಮಸುಕುಗೊಳಿಸಿದೆ. ಬೆಳಕಿನ ಚುಕ್ಕೆಯನ್ನು ಸರಿಯಾದ ಜಾಗಕ್ಕೆ ತಂದೆ. ಹದಿನಾಲ್ಕನೆಯದನ್ನು ಮುಗಿಸುವಷ್ಟರಲ್ಲಿ ಕೈ ಎಷ್ಟು ಪಳಗಿತ್ತೆಂದರೆ, ಹಿಗ್ಗಿಸಿ ನೋಡಿದರೂ ನನಗೇ ಗುರುತು ಸಿಗುತ್ತಿರಲಿಲ್ಲ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನವಾಯಿತು. ಅದರಲ್ಲಿ ಅತಿ ಚೆಂದವಾಗಿದ್ದ ಒಂದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ನನ್ನ ಕಡೆಯಿಂದ ಉಡುಗೊರೆ ಎಂದು ಎತ್ತಿಟ್ಟೆ.

ಹತ್ತು ದಿನದ ಮೇಲೆ ಸವಿತಾ ಆಲ್ಬಂ ತೆಗೆದುಕೊಂಡು ಹೋಗಲು ಬಂದರು. ಚೌಕಟ್ಟಿನ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ನಕ್ಕರು.

"ಸದ್ಯ. ಒಂದು ತಲೆನೋವು ಕಳೀತು ಅಣ್ಣ. ನಮ್ಮತ್ತೆ ಎರಡು ತಿಂಗಳಿಂದ ಒಂದೇ ಸಮ ಹೇಳ್ತಿದ್ರು, ಮಗು ಬಲಗಣ್ಣು ಬೆಕ್ಕಿನ ಕಣ್ಣಿನ ಥರ ಹೊಳೆಯುತ್ತೆ, ಡಾಕ್ಟರ್‌ಗೆ ತೋರ್ಸು ಅಂತ. ನನ್ನ ಫೋನಲ್ಲೂ ಒಂದೆರಡು ಫೋಟೋದಲ್ಲಿ ಹಾಗೇ ಬಂದಿತ್ತು. ಸ್ವಲ್ಪ ಭಯ ಆಗಿತ್ತು ನನಗೂ. ಇದರಲ್ಲಿ ನೋಡಿ, ಎಷ್ಟು ಕ್ಲಿಯರ್ ಆಗಿದೆ."

ನಾನು ಆ ಫೋಟೋವನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದೆ. ಅಜ್ಜಿಗೂ ಕಂಡಿದೆ, ಫೋನಿನಲ್ಲೂ ಬಂದಿದೆ — ಹಾಗಾದರೆ ಇದು ನನ್ನ ಕ್ಯಾಮೆರಾದ ದೋಷವಲ್ಲ. ಅಷ್ಟು ತಿಳಿಯಲು ಓದು ಬೇಕಾಗಿಲ್ಲ. ಆ ಕ್ಷಣದಲ್ಲಿ ನನಗೆ — ಹೌದು, ನನಗೆ ಸಮಾಧಾನವೇ ಆಯಿತು. ಕ್ಯಾಮೆರಾ ಸರಿಯಾಗಿದೆ ಎಂಬ ಸಮಾಧಾನ. ಅದರ ಹಿಂದೆಯೇ ಹೆದರಿಕೆ. ಈಗ ನಿಜ ಹೇಳಿದರೆ, ಈ ಚೆಂದದ ಫೋಟೋ ಸುಳ್ಳೆಂದು ಒಪ್ಪಿಕೊಳ್ಳಬೇಕು. ಅಷ್ಟು ಜನರ ಮುಂದೆ ಜಂಬ ಕೊಚ್ಚಿದ್ದೆ.

"ಫೋನ್ ಕ್ಯಾಮೆರಾ ಅಲ್ವಾ ಮೇಡಂ," ಎಂದೆ. "ಇದರಲ್ಲಿ ಹಾಗೆಲ್ಲ ಬರಲ್ಲ."

"ಅದೇ ನಾನೂ ಅಂದ್ಕೊಂಡೆ," ಎಂದು ಅವರು ಹೋದರು. ಮೆಟ್ಟಿಲಿಳಿಯುವಾಗ ಫೋಟೋ ಎಲ್ಲಿಯೂ ತಾಕದಂತೆ ಎದೆಗೆ ಅವಚಿಕೊಂಡಿದ್ದರು.

ನನ್ನ ಅಪರಾಧ ಆ ಮಾತಿನಲ್ಲಿಯೇ ಮುಗಿದಿದ್ದರೆ, ಬಹುಶಃ ನಾನು ಇಷ್ಟು ವರ್ಷ ಹೇಗೋ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದೆ; ತಿಳಿಯದೆ ಆಡಿದ ಮಾತು ಎನ್ನುತ್ತಿದ್ದೆ. ಆದರೆ ಅವತ್ತು ಸಾಯಂಕಾಲ, ಅಂಗಡಿಯಲ್ಲಿ ಒಬ್ಬನೇ ಇದ್ದಾಗ, ಫೋನಿನಲ್ಲಿ ಹುಡುಕಿದೆ. ಮಗು, ಫೋಟೋ, ಕಣ್ಣಿನಲ್ಲಿ ಬಿಳಿ — ಇಷ್ಟೇ ಬರೆದೆ. ಮೊದಲು ಬಂದ ಸಾಲುಗಳಲ್ಲೇ ಇತ್ತು: ಕಣ್ಣಿನೊಳಗೆ ಗೆಡ್ಡೆ ಬೆಳೆಯುತ್ತಿರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ. ಪಕ್ಕದಲ್ಲಿ ಯಾವುದೋ ದೇಶದ ಒಂದು ಮಗುವಿನ ಚಿತ್ರ. ಅದೇ ಬಲ್ಬು.

ನಾನು ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟೆ. ಇಂಟರ್ನೆಟ್ಟಿನಲ್ಲಿ ನೆಗಡಿಗೂ ಕ್ಯಾನ್ಸರ್ ಎನ್ನುತ್ತಾರೆ, ಎಂದುಕೊಂಡೆ. ಸವಿತಾ ಅವರ ನಂಬರು ತೆಗೆದೆ, ಎರಡು ಸಲ ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದೆ. ನಾಳೆ ಮಾಡೋಣ, ಸುಮ್ಮನೆ ಒಂದು ಸಲ ತೋರಿಸಿ ಎಂದರಾಯಿತು, ಎಡಿಟ್ ಮಾಡಿದ್ದು ಹೇಳಬೇಕಾಗಿಲ್ಲ — ಹೀಗೆ ಮಾತು ಜೋಡಿಸಿಕೊಂಡೆ. ನಾಳೆ ಮುಹೂರ್ತದ ದಿನ. ಬೆಳಗ್ಗೆ ಐದಕ್ಕೇ ಛತ್ರದಲ್ಲಿರಬೇಕಿತ್ತು. ನಾಡಿದ್ದು ಇನ್ನೊಂದು ಮದುವೆ. ಆಮೇಲೆ, ಇಷ್ಟು ದಿನ ಬಿಟ್ಟು ಈಗ ಹೇಳಿದರೆ ಏನೆಂದುಕೊಂಡಾರು ಎಂಬ ಹೊಸ ಕಾರಣ ಹುಟ್ಟಿತು. ಆಮೇಲೆ ಮರೆತೆ. ಮರೆತೆ ಎಂದು ಬರೆದೆನಲ್ಲ — ಅದೂ ಸುಳ್ಳು. ಮರೆತಿರಲಿಲ್ಲ. ನೆನಪಾದಾಗಲೆಲ್ಲ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಆರು ತಿಂಗಳು ಕಳೆಯಿತು.

ಒಂದು ಬೆಳಗ್ಗೆ ಶಿವಪ್ರಕಾಶ್ ಮೆಟ್ಟಿಲು ಹತ್ತಿ ಬಂದರು. ಹಿಂದೆ ಸವಿತಾ, ಅವರ ಹೆಗಲ ಮೇಲೆ ಮುಖವಿಟ್ಟು ಮಲಗಿದ್ದ ಲಾಸ್ಯ. "ಪಾಸ್‌ಪೋರ್ಟ್ ಸೈಜ್ ಬೇಕಿತ್ತು ಅಣ್ಣ, ಮಗೂದು. ಇನ್ಶೂರೆನ್ಸ್ ಫಾರಂಗೆ," ಎಂದರು ಶಿವಪ್ರಕಾಶ್. ಸ್ಟೂಲ್ ಎಳೆದೆ, ಹಿಂದೆ ಬಿಳಿ ಪರದೆ ಇಳಿಸಿದೆ. ಸವಿತಾ ಮಗುವನ್ನು ತಿರುಗಿಸಿ ಕೂರಿಸಿದರು.

ಬಲಗಣ್ಣಿನ ಮೇಲೆ ದಪ್ಪ ಹತ್ತಿಯ ಪಟ್ಟಿ. ಕೆನ್ನೆಯವರೆಗೂ ಅಂಟಿಸಿದ ಟೇಪು.

"ಏನಾಯ್ತು?" ಎಂದು ಕೇಳಿದೆನೋ, ಕೇಳಿದೆನೆಂದು ಅಂದುಕೊಂಡೆನೋ.

"ಕಣ್ಣು ತೆಗೆದುಬಿಟ್ರು ಅಣ್ಣ," ಎಂದರು ಶಿವಪ್ರಕಾಶ್. ಟೈಲ್ಸ್ ಬಂದಿಲ್ಲ, ನಾಳೆ ಬರುತ್ತೆ ಎನ್ನುವಂಥ ದನಿ. "ಒಳಗೆ ಗೆಡ್ಡೆ ಇತ್ತಂತೆ. ಬಿಟ್ರೆ ತಲೆಗೆ ಹೋಗ್ತಿತ್ತಂತೆ."

ಕೈ ತನ್ನಷ್ಟಕ್ಕೆ ತನ್ನ ಕೆಲಸ ಮಾಡಿತು. ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿಯಿತು. ಹಸಿರು ಚೌಕ ಮಗುವಿನ ಮುಖದ ಮೇಲೆ ಒಮ್ಮೆ ಅತ್ತಿಂದಿತ್ತ ಹರಿದು, ಎಡಗಣ್ಣಿನ ಮೇಲೆ ಹೋಗಿ ನಿಂತಿತು. ನಾನು ಗುಂಡಿ ಒತ್ತಿದೆ. ಸದ್ದೇ ಆಗಲಿಲ್ಲ. ಲಾಸ್ಯ ಆಯಿತೆಂದು ತಿಳಿಯದೆ ಹಾಗೆಯೇ ನೋಡುತ್ತಿದ್ದಳು.

ಪ್ರಿಂಟ್ ಬರುವುದನ್ನು ಕಾಯುವಾಗ ಸವಿತಾ ಹತ್ತಿರ ಬಂದರು. ಅವರ ಮುಖ ಊದಿಕೊಂಡಿತ್ತು. "ಡಾಕ್ಟರ್ ಕೇಳಿದ್ರು ಅಣ್ಣ, ಮೊದಲು ಯಾವಾಗಾದ್ರೂ ಫೋಟೋದಲ್ಲಿ ಬಿಳಿ ಬಂದಿತ್ತಾ ಅಂತ. ಫೋನಲ್ಲಿ ಒಂದೆರಡು ಇತ್ತು, ಅಂದೆ. ಆಗಲೇ ಬಂದಿದ್ರೆ ಕಣ್ಣು ಉಳಿಸೋಕೆ ನೋಡಬಹುದಿತ್ತು, ಅಂದ್ರು. ಆದ್ರೆ ನಿಮ್ಮ ಫೋಟೋದಲ್ಲಿ ಒಂದರಲ್ಲೂ ಇಲ್ಲ. ನೀವು ತೆಗೆದಾಗ… ನಿಮಗೇನಾದ್ರೂ ಕಂಡಿತ್ತಾ?"

ಅವರು ನನ್ನ ಮೇಲೆ ಅನುಮಾನದಿಂದ ಕೇಳಲಿಲ್ಲ. ದಿಕ್ಕುತಪ್ಪಿದವರು ದಾರಿಹೋಕರನ್ನು ಕೇಳುವ ಹಾಗೆ ಕೇಳಿದರು.

"ಇಲ್ಲ ಮೇಡಂ. ಏನೂ ಕಾಣಲಿಲ್ಲ," ಎಂದೆ.

ಶಿವಪ್ರಕಾಶ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ತಿರುಗದೆಯೇ ಹೆಂಡತಿಗೆ ಹೇಳಿದರು: "ಅವರನ್ನ ಯಾಕೆ ಕೇಳ್ತೀಯ? ಅಮ್ಮ ಬಡ್ಕೊಂಡ್ರು. ಆ ಫೋಟೋ ತಂದು ಅವರ ಮುಂದೆ ಹಿಡಿದು, ನಿಮಗೇ ಸರಿಯಾಗಿ ಕಾಣಲ್ಲ ಅತ್ತೆ ಅಂತ ಬಾಯಿ ಮುಚ್ಚಿಸಿದ್ದು ನೀನು."

ಸವಿತಾ ಮಗುವನ್ನು ಎದೆಗೆ ಒತ್ತಿಕೊಂಡರು. ನಾನು ಪ್ರಿಂಟಿನ ಅಂಚು ಕತ್ತರಿಸುತ್ತಿದ್ದೆ. ಆಗ ಹೇಳಬಹುದಿತ್ತು. ಕಣ್ಣು ಹೋಗಿತ್ತು, ಅದು ನನ್ನಿಂದ ಮರಳುತ್ತಿರಲಿಲ್ಲ. ಆದರೆ ಆ ಹೆಂಗಸಿನ ಮೇಲೆ ಬೀಳುತ್ತಿದ್ದ ಕಲ್ಲನ್ನು ನಾನು ಒಂದು ಮಾತಿನಲ್ಲಿ ತಡೆಯಬಹುದಿತ್ತು. ನನ್ನ ಅಂಗಡಿಯಲ್ಲಿ, ನನ್ನ ಕಣ್ಣೆದುರು ಬಿದ್ದ ಮೊದಲ ಕಲ್ಲು ಅದು. ನಾನು ಎಂಟು ಫೋಟೋಗಳನ್ನು ಕವರಿಗೆ ಹಾಕಿ ಕೊಟ್ಟೆ.

ಮುಂದಿನ ವರ್ಷಗಳ ಬಗ್ಗೆ ಹೇಳುವುದಕ್ಕೆ ಹೆಚ್ಚಿಲ್ಲ. ಲಾಸ್ಯಳ ಜೀವಕ್ಕೆ ಅಪಾಯ ತಪ್ಪಿತು. ಕೃತಕ ಕಣ್ಣು ಹಾಕಿದರು. ಪಾರ್ವತಮ್ಮನವರಿಗೆ ಪೊರೆಯ ಆಪರೇಷನ್ ಆಯಿತು. ಇದೆಲ್ಲ ಅವರಿವರಿಂದ ತಿಳಿಯುತ್ತಿತ್ತು. ನಾನು ವಸಂತಪುರದ ಕಡೆಯ ಕೆಲಸಗಳನ್ನು ಒಪ್ಪಿಕೊಳ್ಳುವುದನ್ನು ಬಿಟ್ಟೆ. ಸವಿತಾ ಅವರನ್ನು ಒಮ್ಮೆ ಬನಶಂಕರಿ ಬಸ್ ನಿಲ್ದಾಣದಲ್ಲಿ ದೂರದಿಂದ ಕಂಡು, ಬೇಡದ ಬಸ್ಸು ಹತ್ತಿ ಉತ್ತರಹಳ್ಳಿಗೆ ಹೋಗಿಬಿಟ್ಟಿದ್ದೆ. ಆ ಹದಿನಾಲ್ಕು ಮೂಲ ಫೋಟೋಗಳು ಮಾತ್ರ ಹಾರ್ಡ್ ಡಿಸ್ಕಿನಲ್ಲಿ ಉಳಿದಿದ್ದವು. ಎಷ್ಟೋ ಸಲ ಅಳಿಸಲು ಹೋದೆ. ಒಮ್ಮೆ ಅಳಿಸಿ ಏನಾಯಿತೆಂದು ಕಂಡವನು — ಎರಡನೆಯ ಸಲ ಕೈ ಬರಲಿಲ್ಲ.

ಹೋದ ವರ್ಷ ಗೊಟ್ಟಿಗೆರೆಯಲ್ಲಿ ಒಂದು ಗೃಹಪ್ರವೇಶ. ಒಪ್ಪಿಕೊಳ್ಳುವಾಗ ಅದು ಯಾರ ಕಡೆಯವರದೆಂದು ಗೊತ್ತಿರಲಿಲ್ಲ. ಹೋಗಿ ನೋಡಿದರೆ ಮನೆಯ ಯಜಮಾನಿ ಶಿವಪ್ರಕಾಶರ ಚಿಕ್ಕಮ್ಮ. ಸವಿತಾ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದರು, ತುಂಬ ಸೊರಗಿದ್ದರು. ನನ್ನನ್ನು ಕಂಡು ಮೊದಲಿನಂತೆಯೇ, "ಬನ್ನಿ ಅಣ್ಣ, ಊಟ ಆಯ್ತಾ?" ಎಂದರು.

ನಾನು ಪಂಕ್ತಿಯ ಫೋಟೋ ತೆಗೆಯುತ್ತಿದ್ದಾಗ ಆ ಚಿಕ್ಕಮ್ಮ, ಕೈಗೂಸನ್ನು ಎತ್ತಿಕೊಂಡಿದ್ದ ಒಬ್ಬ ಎಳೆಯ ತಾಯಿಗೆ ಬುದ್ಧಿ ಹೇಳುತ್ತಿದ್ದರು: "ಫೋನ್ ಬಿಟ್ಟು ಮಗು ಮುಖ ನೋಡ್ತಾ ಇರಮ್ಮ. ನಮ್ಮ ಸವಿತಾ ಥರ ಆಗಬಾರದು. ಹೇಳೋರು ಹೇಳಿದ್ರೂ ಕೇಳಲಿಲ್ಲ ಇವಳು. ಕೂಸಿನ ಕಣ್ಣು ಕಳೆದಳು."

ಸವಿತಾ ಎರಡು ಎಲೆಗಳಾಚೆ ಇದ್ದರು. ಕೇಳಿಸಿತ್ತು, ಆದರೂ ಅವರ ಮುಖದಲ್ಲಿ ನೋವಿನ ಗೆರೆ ಕೂಡ ಮೂಡಲಿಲ್ಲ. ಮುಂದಿನ ಎಲೆಗೆ ತುಪ್ಪ ಹಾಕಿದರು. ನನ್ನನ್ನು ದಂಗುಬಡಿಸಿದ್ದು ಆ ಮಾತಲ್ಲ, ಆ ಮುಖ. ಅದು ಇದೇ ಮಾತನ್ನು ನೂರು ಸಲ ಕೇಳಿದ ಮುಖ. ಏಳು ವರ್ಷ — ನಾನು ಬಸ್ಸು ಬದಲಿಸಿ ತಪ್ಪಿಸಿಕೊಂಡು ತಿರುಗಿದ ಏಳು ವರ್ಷ — ಪ್ರತಿ ಮದುವೆ, ಪ್ರತಿ ತಿಥಿ, ಪ್ರತಿ ಊಟದ ಸಾಲಿನಲ್ಲಿ ನನ್ನ ಪಾಲಿನದನ್ನು ಅವರು ತಿಂದಿದ್ದರು.

ಅಷ್ಟರಲ್ಲಿ ಒಂದು ಹುಡುಗಿ ಬಂದು ನನ್ನ ಮುಂದೆ ನಿಂತಳು. ಎರಡು ಜಡೆ, ಮುಂದಿನ ಒಂದು ಹಲ್ಲು ಬಿದ್ದಿತ್ತು. "ಅಂಕಲ್, ನಂದೊಂದು ತೆಗೀತೀರಾ?" ಎಂದಳು. ನಾನು ಕ್ಯಾಮೆರಾ ಎತ್ತಿದೆ. ಅವಳು ಪಕ್ಕಕ್ಕೆ ಎರಡು ಹೆಜ್ಜೆ ಸರಿದು, ಗಲ್ಲವನ್ನು ಬಲಕ್ಕೆ ತಿರುಗಿಸಿ ನಿಂತಳು. "ಈ ಕಡೆಯಿಂದ ತೆಗೀರಿ ಅಂಕಲ್. ಆ ಕಡೆ ಬೇಡ. ಅದು ಸರಿಯಾಗಿ ಬರಲ್ಲ."

ಎಂಟು ವರ್ಷದ ಮಗುವಿಗೆ ತನ್ನ ಮುಖದ ಯಾವ ಕಡೆ ಫೋಟೋಗೆ ಬರುವುದಿಲ್ಲವೆಂದು ಗೊತ್ತಿತ್ತು. ನಾನು ತೆಗೆದೆ. "ಥ್ಯಾಂಕ್ಸ್ ಅಂಕಲ್," ಎಂದು ಓಡಿಹೋದಳು. ಆ ದಿನ ಆಮೇಲೆ ತೆಗೆದ ಫೋಟೋಗಳು ಯಾವುವೂ ನೆಟ್ಟಗೆ ಬಂದಿಲ್ಲ.

ನಾಲ್ಕು ದಿನ ಬಿಟ್ಟು ಸವಿತಾ ಅವರಿಗೆ ಫೋನ್ ಮಾಡಿದೆ. ಒಂದು ವಿಷಯ ಹೇಳಬೇಕು, ಲಾಸ್ಯ ಶಾಲೆಯಲ್ಲಿರುವಾಗ ಬರುತ್ತೇನೆ ಎಂದೆ. ಲ್ಯಾಪ್‌ಟಾಪು ತೆಗೆದುಕೊಂಡು ಹೋದೆ. ಅವರ ಹಾಲಿನಲ್ಲಿ, ಸೋಫಾದ ಎದುರಿನ ಗೋಡೆಯ ಮೇಲೆ, ನಾನು ಉಡುಗೊರೆ ಕೊಟ್ಟ ಫೋಟೋ. ಹಳದಿ ಲಂಗ, ಎರಡು ಕಪ್ಪು ಕಣ್ಣು. ಚೌಕಟ್ಟಿಗೆ ಯಾರೋ ಆ ಬೆಳಗ್ಗೆಯಷ್ಟೇ ಒಂದು ಹೂವು ಸಿಕ್ಕಿಸಿದ್ದರು.

ಪೀಠಿಕೆ ಹಾಕದೆ ಹೇಳಿದೆ. ಹದಿನಾಲ್ಕು ಫೋಟೋಗಳನ್ನು ತೆರೆದು ಅವರ ಕಡೆ ತಿರುಗಿಸಿದೆ. ಅವರು ಒಂದೊಂದನ್ನೇ ನೋಡಿದರು. ಏಳನೆಯದೋ ಎಂಟನೆಯದೋ ಬಂದಾಗ ಬೆರಳಿನಿಂದ ಪರದೆಯ ಮೇಲಿನ ಆ ಬಿಳಿಯನ್ನು ಮುಟ್ಟಿದರು. ಕೊನೆಯದು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಇದು ಕಾಯಿಲೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಲಾಸ್ಯಳ ಕಣ್ಣು ತೆಗೆದ ಮೇಲೆ, ಎನ್ನಬಹುದಿತ್ತು. ಅವರು ನಂಬುತ್ತಿದ್ದರು. ನಾಲಿಗೆಯ ತುದಿಗೆ ಬಂದೂ ಇತ್ತು.

"ನೀವು ಆಲ್ಬಂ ತಗೊಂಡು ಹೋದ ದಿನ ಸಾಯಂಕಾಲ," ಎಂದೆ.

ಅವರು ಸೋಫಾದ ಮೇಲೆ ಹಾಗೆಯೇ ಹಿಂದಕ್ಕೆ ಒರಗಿದರು. ಅಳಲಿಲ್ಲ, ಬೈಯಲಿಲ್ಲ. ಬಾಯಿ ತೆರೆದುಕೊಂಡು ಉಸಿರೆಳೆದರು, ನೀರಿನಿಂದ ಮೇಲೆ ಬಂದವರ ಹಾಗೆ. ಆಮೇಲೆ, "ಅತ್ತೇ," ಎಂದು ಕೂಗಿದರು.

ಪಾರ್ವತಮ್ಮ ಅಡುಗೆಮನೆಯಿಂದ ಬಂದು, ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪು ನೋಡಿದರು. ಸವಿತಾ ಅವರೇ ಎಲ್ಲವನ್ನೂ ಹೇಳಿದರು. ಮುದುಕಿ ಒಮ್ಮೆ ಪರದೆಯನ್ನು, ಒಮ್ಮೆ ಗೋಡೆಯನ್ನು ನೋಡಿದರು.

"ಹಾಗಾದ್ರೆ ಅಲ್ಲಿ ಕಾಣ್ತಿರೋದು ಯಾರ ಕಣ್ಣಪ್ಪ?" ಎಂದರು.

"ಎಡಗಣ್ಣೇ ಅಮ್ಮ. ಅದನ್ನೇ ತಿರುಗಿಸಿ ಹಾಕಿದ್ದೆ."

"ದಿನಾ ಬೆಳಗ್ಗೆ ಎದ್ದು ಅದನ್ನ ನೋಡ್ತೀನಿ ನಾನು," ಎಂದರು ಅವರು. "ಆ ಕಣ್ಣನ್ನ ನೋಡ್ತೀನಿ." ಬಂದು ಸೊಸೆಯ ಪಕ್ಕದಲ್ಲಿ ಕೂತರು. ಕೈ ಹಿಡಿಯಲಿಲ್ಲ, ಸುಮ್ಮನೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತರು.

ಸವಿತಾ ಗಂಡನಿಗೆ ಫೋನ್ ಮಾಡಿ ಕರೆಸಿದರು. ಅವರು ಬರುವವರೆಗೆ ಏಳಬೇಡಿ ಎಂದು ನನಗೆ ಹೇಳಿದರು. ಇಪ್ಪತ್ತು ನಿಮಿಷ ಮೂವರೂ ಗೋಡೆಯ ಆ ಫೋಟೋದ ಎದುರು ಕೂತಿದ್ದೆವು. ಶಿವಪ್ರಕಾಶ್ ಬಂದ ಮೇಲೆ ಸವಿತಾ, "ನನಗೆ ಹೇಳಿದ್ದನ್ನ ಇವರಿಗೂ ಹೇಳಿ. ಒಂದನ್ನೂ ಬಿಡಬೇಡಿ," ಎಂದರು. ಹೇಳಿದೆ. ಆ ಸಾಯಂಕಾಲ ಫೋನಿನಲ್ಲಿ ಓದಿದ್ದನ್ನೂ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು ಎಂಬುದು ಬಹುಶಃ ಅವರಿಗೂ ತಿಳಿದಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿದರು. ಆಮೇಲೆ ಹೆಂಡತಿಯ ಕಡೆ ನೋಡಿದರು, ಏನೋ ಹೇಳಲು ಬಾಯಿ ತೆರೆದರು — ಏಳು ವರ್ಷದ ಮಾತುಗಳನ್ನು ಎಲ್ಲಿಂದ ಹಿಂದೆ ತೆಗೆದುಕೊಳ್ಳಬೇಕೋ ತಿಳಿಯಲಿಲ್ಲವೇನೋ.

"ಅಂಗಡೀಲಿ ಯಾರೂ ಇಲ್ಲ," ಎಂದು ಹೇಳಿ ಹೊರಟುಹೋದರು. ಬೈಕು ಸ್ಟಾರ್ಟ್ ಆದ ಸದ್ದು ಎಷ್ಟು ಹೊತ್ತಾದರೂ ಕೇಳಲಿಲ್ಲ.

ನಾನು ಎದ್ದೆ. ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬರುತ್ತಿತ್ತು, ಅದನ್ನು ನುಂಗಿದೆ. ಕೇಳಿದರೆ, ಕೊಡುವ ಭಾರವೂ ಅವರ ಮೇಲೆಯೇ ಬೀಳುತ್ತದೆ. ಬಾಗಿಲವರೆಗೆ ಸವಿತಾ ಬಂದರು.

"ಲಾಸ್ಯಂಗೆ ನಾನು ಹೇಳಲ್ಲ," ಎಂದರು. "ನಾನು ಹೇಳಿದ್ರೆ, ಅಮ್ಮ ತನ್ನ ತಪ್ಪು ಬೇರೆಯೋರ ಮೇಲೆ ಹಾಕ್ತಾಳೆ ಅಂದ್ಕೋತಾಳೆ. ಅವಳ ಹತ್ತಿರಾನೂ ಆ ಮಾತು ಆಡಿದಾರೆ ಜನ. ನೀವೇ ಹೇಳಬೇಕು."

"ಯಾವಾಗ ಮೇಡಂ?"

"ನಿಮ್ಮನ್ನ ಎದುರಿಗೆ ನಿಲ್ಲಿಸಿ ಬೈಯೋಷ್ಟು ದೊಡ್ಡೋಳಾದಾಗ. ಈಗ ಹೇಳಿದ್ರೆ ಬರೀ ಅಳ್ತಾಳೆ. ಅಲ್ಲೀವರೆಗೆ ನೀವು ಎಲ್ಲೂ ಹೋಗಬೇಡಿ."

ಅವರು ಬಾಗಿಲು ಹಾಕಿಕೊಂಡರು, ಜೋರಾಗಿ ಅಲ್ಲ.

ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ನನಗೆ ಈಗ ಐವತ್ತೆರಡು ವರ್ಷ; ಬೈಯುವ ವಯಸ್ಸಿಗೆ ಅವಳು ಬರಲು ಇನ್ನು ಎಂಟೋ ಹತ್ತೋ ವರ್ಷ ಬೇಕು. ಅಷ್ಟರಲ್ಲಿ ನನಗೇನಾದರೂ ಆದರೆ ಈ ಹಾಳೆಗಳು ಅವಳಿಗೆ ಸೇರಬೇಕು ಎಂದು ಹೆಂಡತಿಗೆ ಹೇಳಿದ್ದೇನೆ. ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಇದರಲ್ಲಿ ಎಲ್ಲಿಯಾದರೂ ನಾನು ನನ್ನ ಪರ ವಾದಿಸಿದ ಹಾಗೆ ಕಂಡರೆ, ಲಾಸ್ಯ, ಆ ಸಾಲನ್ನು ಹೊಡೆದುಹಾಕಿಬಿಡು.

ಸ್ಟುಡಿಯೋ ಇದ್ದ ಕಟ್ಟಡವನ್ನು ಕೆಡವುತ್ತಾರೆಂದು ಮೂರು ತಿಂಗಳ ಹಿಂದೆ ಖಾಲಿ ಮಾಡಬೇಕಾಯಿತು. ಮೈಸೂರಿನಲ್ಲಿರುವ ನನ್ನ ತಮ್ಮ, ಬಂದುಬಿಡು, ಇಲ್ಲಿ ಜಾಗವಿದೆ ಎಂದ. ಬರುವುದಿಲ್ಲ ಎಂದೆ. ಉತ್ತರಹಳ್ಳಿಯ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಿಟ್ಟಿನ ಗಿರಣಿಯ ಪಕ್ಕ ಸಣ್ಣ ಮಳಿಗೆ ಸಿಕ್ಕಿತು. ಸಾಮಾನು ಇಳಿಸಿದ ದಿನವೇ ಹೊಸ ವಿಳಾಸವನ್ನು ಸವಿತಾ ಅವರಿಗೆ ಫೋನಿನಲ್ಲಿ ಕಳಿಸಿದೆ. ಅವರು ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ನಾನು ಕಾಯುತ್ತಿರುವುದು ಉತ್ತರಕ್ಕಲ್ಲ. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆಯುತ್ತೇನೆ. ಇಲ್ಲಿಯೇ ಇರುತ್ತೇನೆ.